ಮಗಳ ಬೈಫೋಕಲ್: ದುಂಡು, ಡಿ ಶೇಪ್, ಪ್ರೋಗ್ರೆಸಿವ್, ಎರಡು ಜೊತೆ – ನಮಗೆ ಒಗ್ಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನಾನು ಒಂದು ಕಡೆ ವಾಲಿಕೊಂಡೇ ಬರೆಯುತ್ತಿದ್ದೇನೆ. ಡೌನ್ ಸಿಂಡ್ರೋಮ್ ಇರುವ ನನ್ನ ಮಗಳಿಗೆ ಒಂದಾದ ಮೇಲೊಂದು ಬೇರೆ ಬೇರೆ ಕನ್ನಡಕ ಹಾಕಿಸಿ ನೋಡಿದ್ದೇವೆ. ಈಗ ಅವಳ ಮೂಗಿನ ಮೇಲಿರುವುದು ಅಗಲ ಡಿ ಶೇಪ್‌ನ ಬೈಫೋಕಲ್, ಅಂದರೆ ಒಂದೇ ಲೆನ್ಸಿನಲ್ಲಿ ಮೇಲೆ ದೂರದ ಪವರ್, ಕೆಳಗೆ ಮಲಗಿಸಿದ ಡಿ ಅಕ್ಷರದ ಆಕಾರದಲ್ಲಿ ಓದುವ ಪವರ್. ಓದುವ ಭಾಗದ ಮೇಲಂಚಿನ ಗೆರೆ ಅವಳ ಪಾಪೆಯ, ಅಂದರೆ ಕಣ್ಣಿನ ನಡುವಿನ ಕಪ್ಪು ಬೊಟ್ಟಿನ, ಸರಿಯಾಗಿ ಮಧ್ಯದಲ್ಲಿ ಹಾದುಹೋಗುತ್ತದೆ. ನನ್ನ ಓಟು ಅದಕ್ಕೇ. ಉಳಿದವು ಯಾಕೆ ಬೇಡವಾದವು ಅಂತ ಹೇಳುತ್ತೇನೆ. ಅದರಲ್ಲೂ ಆ ಗೆರೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಅದು ನಮ್ಮನ್ನು ಅಷ್ಟು ಸತಾಯಿಸಿದೆ.

"ಇಷ್ಟು ಸಣ್ಣ ಮಗುವಿಗೆ ಬೈಫೋಕಲ್ಲಾ?" ಅಂತ ಕೇಳುವವರು ಸಿಕ್ಕೇ ಸಿಗುತ್ತಾರೆ. ವಯಸ್ಸಾದವರಿಗೆ ಕಣ್ಣೊಳಗಿನ ಲೆನ್ಸ್ ಗಟ್ಟಿಯಾಗಿ ಹತ್ತಿರದ್ದು ಮಸುಕಾಗುತ್ತದೆ. ಈ ಮಕ್ಕಳ ಕಥೆ ಬೇರೆ. ಇವರಿಗೆ ವಯಸ್ಸೇ ಆಗಿಲ್ಲ, ಆದರೂ ಹತ್ತಿರದ ವಸ್ತುವಿಗೆ ಬೇಕಾದಷ್ಟು ಫೋಕಸ್ ಆಗುವುದಿಲ್ಲ. 40 ಸೆಂಟಿಮೀಟರ್ ದೂರದಲ್ಲಿ ಹಿಡಿದ ಪುಸ್ತಕಕ್ಕೆ ಕಣ್ಣು 2.5 ಡಯಾಪ್ಟರ್‌ನಷ್ಟು (ಲೆನ್ಸಿನ ಪವರ್ ಅಳೆಯುವ ಮಾನ) ಕೆಲಸ ಮಾಡಬೇಕು. 25 ಸೆಂಟಿಮೀಟರ್‌ಗೆ ತಂದರೆ 4 ಡಯಾಪ್ಟರ್. ಅಂದರೆ ಮಗು ಪುಸ್ತಕವನ್ನು ಮುಖದ ಹತ್ತಿರ ಎಳೆದುಕೊಂಡಷ್ಟೂ ಅಕ್ಷರ ದೊಡ್ಡದಾಗಿ ಕಾಣಬಹುದು, ಕಣ್ಣಿನ ಹೊರೆ ಮಾತ್ರ ಹೆಚ್ಚುತ್ತಲೇ ಹೋಗುತ್ತದೆ. ಬ್ರಿಟನ್‌ನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ಮ್ಯಾಗಿ ವುಡ್‌ಹೌಸ್ ಅವರ ತಂಡ ವರ್ಷಗಟ್ಟಲೆ ಇದನ್ನೇ ಅಭ್ಯಾಸ ಮಾಡಿದೆ. ಡೌನ್ ಸಿಂಡ್ರೋಮ್ ಇರುವ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಹತ್ತಿರದ ಫೋಕಸ್ ಕಡಿಮೆ ಬೀಳುತ್ತದೆ ಅನ್ನುವುದನ್ನು ಜಗತ್ತಿಗೆ ಗಟ್ಟಿಯಾಗಿ ಹೇಳಿದವರು ಅವರು. ದೂರದ ಪವರ್ ಎಷ್ಟೇ ಕರಾರುವಾಕ್ಕಾಗಿದ್ದರೂ ಈ ಕೊರತೆ ತುಂಬುವುದಿಲ್ಲ. ಅದಕ್ಕೇ ಬೈಫೋಕಲ್.

ಈ ಕೊರತೆ ಇದೆಯೋ ಇಲ್ಲವೋ ಅಂತ ತಿಳಿಯಲು ಮಗು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹತ್ತಿರದಲ್ಲಿ ಒಂದು ಚಿತ್ರ ಹಿಡಿದು, ಮಗು ಅದನ್ನು ನೋಡುತ್ತಿರುವಾಗ ಕಣ್ಣಿಗೆ ಬೆಳಕಿನ ಪಟ್ಟಿ ಬಿಟ್ಟು ಅದು ಹೇಗೆ ಸರಿಯುತ್ತದೆ ಅಂತ ನೋಡುತ್ತಾರೆ. ಡೈನಾಮಿಕ್ ರೆಟಿನೋಸ್ಕೋಪಿ ಅಂತ ಹೆಸರು. ಮಾತು ಇನ್ನೂ ಬಾರದ ಮಗುವಿಗೂ ಮಾಡಬಹುದು. "ಅಕ್ಷರ ಕಲಿತ ಮೇಲೆ ಕರೆದುಕೊಂಡು ಬನ್ನಿ" ಅಂತ ಯಾರಾದರೂ ವಾಪಸ್ ಕಳಿಸಿದರೆ ಈ ಪರೀಕ್ಷೆಯ ಹೆಸರು ಹೇಳಿ ಕೇಳಿ.

ಈಗ ಹೋಲಿಕೆ.

ಶುರುವಿನಲ್ಲಿ ಇದ್ದದ್ದು ಒಂದೇ ಪವರಿನ ಮಾಮೂಲಿ ಕನ್ನಡಕ. ದೂರಕ್ಕೆ ಚೆನ್ನಾಗಿತ್ತು. ಬಣ್ಣ ತುಂಬುವಾಗ ಮಾತ್ರ ಎರಡು ಗೆರೆ ಎಳೆದು ಪೆನ್ಸಿಲ್ ಬಿಸಾಕುತ್ತಿದ್ದಳು. "ಗಮನ ನಿಲ್ಲಲ್ಲ" ಅಂತ ಎಲ್ಲರೂ ಹೇಳಿದರು. ಮಸುಕಾಗಿ ಕಾಣುವ ಹಾಳೆಯ ಮೇಲೆ ಯಾರ ಗಮನ ತಾನೇ ನಿಲ್ಲುತ್ತದೆ ಹೇಳಿ.

ಆಮೇಲೆ ಬಂದದ್ದು ದುಂಡು ಬೈಫೋಕಲ್, ಅಂದರೆ ಓದುವ ಭಾಗ ದುಂಡಗಿರುವುದು. ಚೀಟಿಯಲ್ಲಿ ಪ್ಲಸ್ 2.50 ಆಡ್ (ಓದಲು ಸೇರಿಸುವ ಹೆಚ್ಚುವರಿ ಪವರ್) ಅಂತ ಸರಿಯಾಗಿಯೇ ಬರೆದಿತ್ತು. ಎಡವಟ್ಟಾದದ್ದು ಅಂಗಡಿಯಲ್ಲಿ. ಅವರು ಅಜ್ಜ ಅಜ್ಜಿಯರಿಗೆ ಮಾಡುವ ಹಾಗೆ, ಓದುವ ಭಾಗದ ಮೇಲಂಚು ಕೆಳರೆಪ್ಪೆಯ ಹತ್ತಿರ ಬರುವಂತೆ ಕೂರಿಸಿಬಿಟ್ಟರು. ದೊಡ್ಡವರಿಗೆ ಅದೇ ಸರಿ. ಅವರಿಗೆ ಓದಬೇಕು ಅಂದಾಗ ಕಣ್ಣು ಕೆಳಗಿಳಿಸುವುದು ಗೊತ್ತು. ಮಗು ಹಾಗೆ ಮಾಡುವುದಿಲ್ಲ. ಅದು ಕತ್ತನ್ನೇ ಬಗ್ಗಿಸಿ ಪುಸ್ತಕವನ್ನು ನೇರವಾಗಿ ನೋಡುತ್ತದೆ. ನನ್ನ ಮಗಳು ಕೂತಿದ್ದ ಟೇಬಲ್ ಹತ್ತಿರ ಮಂಡಿಯೂರಿ ಅವಳ ಕಣ್ಣನ್ನೇ ಗಮನಿಸಿದೆ. ಪಾಪೆ ಲೆನ್ಸಿನ ಮೇಲ್ಭಾಗದಲ್ಲೇ ಇತ್ತು. ಓದುವ ಭಾಗ ಕೆನ್ನೆಯ ಮೇಲೆ ಸುಮ್ನೆ ಕೂತಿತ್ತು. ದುಡ್ಡು ಕೊಟ್ಟು ಕೆನ್ನೆಗೆ ಬೈಫೋಕಲ್ ಹಾಕಿಸಿದ ಹಾಗಾಯಿತು.

ಮಕ್ಕಳಿಗೆ ಗೆರೆ ಪಾಪೆಯ ನಡುವೆಯೇ ಬರಬೇಕು. ಕಾರ್ಡಿಫ್‌ನವರು ಹೇಳುವುದೂ ಅದನ್ನೇ. ಇದನ್ನು ಅಂಗಡಿಯವರಿಗೆ ಒಪ್ಪಿಸುವುದು ಇದೆಯಲ್ಲ, ಅದೇ ದೊಡ್ಡ ತಲೆನೋವು. "ಅಷ್ಟು ಮೇಲೆ ಕೂರಿಸಿದರೆ ದೂರದ್ದು ಹೇಗೆ ಕಾಣುತ್ತೆ?", "ಮೆಟ್ಟಿಲಲ್ಲಿ ಬೀಳ್ತಾಳೆ", "ಲ್ಯಾಬ್‌ನವರು ತಪ್ಪು ಅಂತ ವಾಪಸ್ ಕಳಿಸ್ತಾರೆ." ಮೂರನೆಯದು ಹೆಚ್ಚುಕಡಿಮೆ ನಿಜವೇ ಆಯಿತು. ಅಳತೆ ನೋಡಿದ ಲ್ಯಾಬಿನವರು ಯಾರೋ ಕೈತಪ್ಪಿ ಬರೆದಿದ್ದಾರೆ ಅಂದುಕೊಂಡು, ತಾವೇ ಗೆರೆಯನ್ನು ಕೆಳಗಿಳಿಸಿ ಕಳಿಸಿದರು! ಹಾಗಾಗಿ ಆರ್ಡರ್ ಫಾರಂನಲ್ಲಿ "ಮಗುವಿನ ಬೈಫೋಕಲ್, ಗೆರೆ ಪಾಪೆಯ ಮಧ್ಯಕ್ಕೆ, ಬದಲಿಸಬೇಡಿ" ಅಂತ ಬರೆಸಿ. ಬಾಯಲ್ಲಿ ಹೇಳಿದ್ದು ಕೌಂಟರಿನಿಂದ ಆಚೆ ಹೋಗುವುದಿಲ್ಲ.

ಅಳತೆ ತೆಗೆಯುವ ರೀತಿಯನ್ನೂ ನೋಡಿಕೊಳ್ಳಿ. ಮೊದಲ ಅಂಗಡಿಯವರು ನಿಂತುಕೊಂಡು, ಕುರ್ಚಿಯಲ್ಲಿ ಕೂತ ಮಗುವಿನ ಮುಖವನ್ನು ಮೇಲಿನಿಂದ ನೋಡಿ ಗುರುತು ಹಾಕಿದ್ದರು. ಮಗು ಅವರ ಮುಖ ನೋಡಲು ತಲೆ ಎತ್ತಿತ್ತು. ಗುರುತು ತಪ್ಪದೆ ಇನ್ನೇನಾದೀತು? ಈಗ ನಾವು ಹೋಗುವ ಕಡೆ ಒಬ್ಬರು ಹೆಂಗಸು ಇದ್ದಾರೆ. ಅವರು ಸಣ್ಣ ಸ್ಟೂಲ್ ಎಳೆದುಕೊಂಡು ಮಗಳ ಕಣ್ಣಿನ ಮಟ್ಟಕ್ಕೇ ಕೂರುತ್ತಾರೆ. ಮೊದಲು ಫ್ರೇಮನ್ನು ಅವಳ ಮೂಗಿಗೆ, ಕಿವಿಗೆ ಸರಿಯಾಗಿ ಬಗ್ಗಿಸಿ ಕೂರಿಸುತ್ತಾರೆ. ಆಮೇಲೆ ನನ್ನನ್ನು ತಮ್ಮ ಹಿಂದೆ ಅದೇ ಎತ್ತರಕ್ಕೆ ನಿಲ್ಲಿಸಿ "ಅಮ್ಮನ್ನ ನೋಡು ಪುಟ್ಟಿ" ಅನ್ನುತ್ತಾರೆ. ಡೆಮೊ ಲೆನ್ಸಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಪಾಪೆಯ ನಡುವಿಗೆ ಒಂದು ಗೆರೆ ಎಳೆಯುತ್ತಾರೆ. ಮಗಳನ್ನು ಒಂದು ಸುತ್ತು ಓಡಾಡಿಸಿ ಕರೆದು ಮತ್ತೆ ನೋಡುತ್ತಾರೆ, ಗೆರೆ ಅಲ್ಲೇ ಇದೆಯಾ ಅಂತ. ಎರಡು ಕಣ್ಣಿಗೂ ಬೇರೆ ಬೇರೆಯಾಗಿ. ಇಷ್ಟು ಮಾಡದೆ ಆರ್ಡರ್ ಕೊಡಲು ನಾನು ಬಿಡುವುದೇ ಇಲ್ಲ.

ದುಂಡಿನ ಇನ್ನೊಂದು ತೊಂದರೆ ಚಿತ್ರ ಜಿಗಿಯುವುದು. ಕಣ್ಣು ಗೆರೆ ದಾಟುವಾಗ ಎದುರಿನ ವಸ್ತು ಸಣ್ಣಗೆ ನೆಗೆದ ಹಾಗೆ ಕಾಣುತ್ತದೆ. ಓದುವ ಭಾಗದ ಕೇಂದ್ರ ಮೇಲಂಚಿನಿಂದ ಎಷ್ಟು ಕೆಳಗಿದೆಯೋ ಜಿಗಿತ ಅಷ್ಟು ಜಾಸ್ತಿ. 22 ಮಿಲಿಮೀಟರ್‌ನ ದುಂಡಿನಲ್ಲಿ ಆ ಅಂತರ 11 ಮಿಲಿಮೀಟರ್. 28ರ, ಅಂದರೆ ಓದುವ ಭಾಗ 28 ಮಿಲಿಮೀಟರ್ ಅಗಲವಿರುವ, ಡಿ ಶೇಪ್‌ನಲ್ಲಿ ಸುಮಾರು 5. ಅಂದರೆ ಜಿಗಿತ ಅರ್ಧಕ್ಕಿಂತ ಕಡಿಮೆ. ಸಾಲದ್ದಕ್ಕೆ ದುಂಡಿನ ಮೇಲ್ತುದಿ ಕಿರಿದು. ಅದನ್ನು ಪಾಪೆಯವರೆಗೆ ಎತ್ತಿ ಕೂರಿಸಿದರೂ ಅಕ್ಕಪಕ್ಕ ಜಾಗವೇ ಇರುವುದಿಲ್ಲ. ಅಗ್ಗ ಅನ್ನುವುದು ಬಿಟ್ಟರೆ ದುಂಡಿನ ಪರವಾಗಿ ನನ್ನ ಹತ್ತಿರ ಬೇರೆ ಮಾತಿಲ್ಲ.

ಡಿ ಶೇಪ್‌ಗೆ ಬರೋಣ. ಮೇಲೆ ನೇರ ಗೆರೆ, ಹಾಗಾಗಿ ಗೆರೆಯ ಕೆಳಗೆ ಕಾಲಿಟ್ಟ ಕೂಡಲೇ ಪೂರ್ತಿ ಅಗಲ ಸಿಗುತ್ತದೆ. 28 ಸುಲಭವಾಗಿ ಸಿಗುತ್ತದೆ. 35ನ್ನು ನಮಗೆ ತರಿಸಿಕೊಳ್ಳಬೇಕಾಯಿತು, ಕಾಯಬೇಕಾಯಿತು. ನನ್ನ ಪ್ರಕಾರ ಕಾದದ್ದು ಸಾರ್ಥಕ. ಮಕ್ಕಳ ಲೆನ್ಸೇ ಚಿಕ್ಕದು, 35 ಅಂದರೆ ಹೆಚ್ಚುಕಡಿಮೆ ಅಂಚಿನಿಂದ ಅಂಚಿಗೆ ಓದುವ ಜಾಗ. ಮಗಳು ಹಾಳೆಯ ಎಡಮೂಲೆಯಿಂದ ಬಲಮೂಲೆಗೆ ಕಣ್ಣು ಹಾಯಿಸುವಾಗ ತಲೆ ತಿರುಗಿಸುವುದಿಲ್ಲ. ಚುಕ್ಕಿ ಸೇರಿಸುವ ಚಿತ್ರಗಳಲ್ಲಿ ಮೊದಲು ಬಲತುದಿಯ ಚುಕ್ಕಿ ಬಿಟ್ಟುಹೋಗುತ್ತಿತ್ತು, ಈಗ ಇಲ್ಲ. 28 ಸಿಕ್ಕರೆ ಸಾಕು ಅನ್ನುವವರ ಜೊತೆ ಜಗಳವಿಲ್ಲ. ಗೆರೆಯ ಎತ್ತರ ಸರಿ ಇರುವ 28, ಎತ್ತರ ತಪ್ಪಿದ 35ಕ್ಕಿಂತ ಎಷ್ಟೋ ಮೇಲು.

ಮೆಟ್ಟಿಲಿನ ಭಯ ನನಗೂ ಇತ್ತು. ಹೊಸದರಲ್ಲಿ ಅವಳು ಮೆಟ್ಟಿಲ ಅಂಚಿನಲ್ಲಿ ನಿಂತು ಕಾಲಿನಿಂದ ತಡಕುತ್ತಿದ್ದಳು. ಕೈ ಹಿಡಿದು ಇಳಿಸಿದೆವು. ಯಾರೂ ಹೇಳಿಕೊಡದೆ ಗದ್ದವನ್ನು ಎದೆಗೆ ಒತ್ತಿ, ಗೆರೆಯ ಮೇಲಿನಿಂದ ಮೆಟ್ಟಿಲು ನೋಡುವುದನ್ನು ಕಲಿತಳು. ಬೇಗನೇ ಕಲಿತಳು.

ಎಕ್ಸಿಕ್ಯುಟಿವ್ ಅಂತ ಇನ್ನೊಂದಿದೆ. ಗೆರೆ ಲೆನ್ಸಿನ ಪೂರ್ತಿ ಅಗಲಕ್ಕೆ ಇರುತ್ತದೆ, ಚಿತ್ರ ಜಿಗಿಯುವುದೇ ಇಲ್ಲ. ಕಾಗದದ ಮೇಲೆ ಇದೇ ಗೆಲ್ಲಬೇಕು. ಆದರೆ ದಪ್ಪ, ತೂಕ. ಅದನ್ನು ಹಾಕಿ ನೋಡಿದ ಕೂಡಲೇ ಕನ್ನಡಕ ಮೂಗಿನ ತುದಿಗೆ ಜಾರಿತು. ಮಾತು ಮುಗಿಯಿತು.

ಪ್ರೋಗ್ರೆಸಿವ್ ಮಾರುವವರಿಗೆ ತುಂಬಾ ಇಷ್ಟ. ಗೆರೆ ಕಾಣುವುದಿಲ್ಲ, "ಮಗು ನೋಡೋಕೆ ಚೆನ್ನಾಗಿರುತ್ತೆ" ಅನ್ನುತ್ತಾರೆ. ಆದರೆ ಅದರಲ್ಲಿ ಓದುವ ಪವರ್ ಮೇಲಿನಿಂದ ಕೆಳಗೆ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. ಪೂರ್ತಿ ಪವರ್ ಸಿಗಬೇಕಾದರೆ ಕಣ್ಣು ಸಾಕಷ್ಟು ಕೆಳಗಿಳಿಯಬೇಕು. ದಾರಿ ಬೇರೆ ಇಕ್ಕಟ್ಟು, ಎರಡೂ ಬದಿ ಮಸುಕು. ಕಣ್ಣು ಕೆಳಗಿಳಿಸದ ಮಗುವಿಗೆ ಇದು ದುಬಾರಿಯ ದೂರದ ಕನ್ನಡಕ, ಅಷ್ಟೇ. ಇನ್ನೊಂದು ವಿಷಯ. ಗೆರೆ ಕಾಣುವುದರಿಂದಲೇ ನಾನು, ಅವಳ ಟೀಚರ್, ಯಾರು ಬೇಕಾದರೂ ಒಂದು ನೋಟದಲ್ಲಿ ಕನ್ನಡಕ ಸರಿಯಾಗಿ ಕೂತಿದೆಯಾ ಅಂತ ಹೇಳಬಹುದು. ಪ್ರೋಗ್ರೆಸಿವ್‌ನಲ್ಲಿ ಆ ಅನುಕೂಲವೂ ಇಲ್ಲ. ಗೆರೆ ನೋಡಿ "ಅಜ್ಜಿ ಕನ್ನಡಕ" ಅಂತ ನಕ್ಕವರು ಇದ್ದಾರೆ. ನಗಲಿ ಬಿಡಿ.

ದೂರಕ್ಕೊಂದು, ಹತ್ತಿರಕ್ಕೊಂದು ಅಂತ ಎರಡು ಜೊತೆ ಇಟ್ಟುಕೊಳ್ಳುವುದು? ಮನೆಯಲ್ಲಿ ನಡೆಯುತ್ತದೆ. ಶಾಲೆಯಲ್ಲಿ ಬೋರ್ಡ್ ನೋಡಿ ಪುಸ್ತಕಕ್ಕೆ ಬರೆಯಬೇಕು, ಪ್ರತಿ ಸಾಲಿಗೂ ಕನ್ನಡಕ ಬದಲಿಸುವವರು ಯಾರು?

ಇನ್ನು ಫ್ರೇಮ್. ಇದು ಬೇರೆ ವಿಷಯ ಅನ್ನಿಸಬಹುದು, ಅಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೂಗಿನ ಮೇಲುಭಾಗ ಸಾಮಾನ್ಯವಾಗಿ ಚಪ್ಪಟೆ, ಕಿವಿ ಚಿಕ್ಕದು, ಸ್ವಲ್ಪ ಕೆಳಗೆ. ಮಾಮೂಲಿ ಮಕ್ಕಳ ಫ್ರೇಮಿಗೆ ಅಲ್ಲಿ ಆಸರೆಯೇ ಸಿಗುವುದಿಲ್ಲ. ಕನ್ನಡಕ 4-5 ಮಿಲಿಮೀಟರ್ ಜಾರಿದರೂ, ಪಾಪೆಯ ನಡುವೆ ಇದ್ದ ಗೆರೆ ಕೆಳರೆಪ್ಪೆಯ ಕಡೆಗೆ ಇಳಿಯುತ್ತದೆ. ಅಷ್ಟು ಜಗಳವಾಡಿ ಮೇಲೆ ಕೂರಿಸಿದ ಗೆರೆ ಮತ್ತೆ ಅದೇ ಕೆನ್ನೆಗೆ! ಮಗಳು ಪೆನ್ಸಿಲ್ ಹಿಡಿದ ಕೈಯ ಹಿಂಬದಿಯಿಂದ ಕನ್ನಡಕ ಮೇಲೆ ತಳ್ಳುತ್ತಾಳೆ, ಬರೆಯಲು ಬಗ್ಗುತ್ತಾಳೆ, ಅದು ಮತ್ತೆ ಇಳಿಯುತ್ತದೆ. ಆಮೇಲೆ ತಳ್ಳುವುದನ್ನೇ ಬಿಡುತ್ತಾಳೆ.

ತಲೆಯ ಹಿಂದೆ ಕಟ್ಟುವ ಇಲಾಸ್ಟಿಕ್ ಪಟ್ಟಿ ಹಾಕಿದೆವು. ಲೆನ್ಸು ರೆಪ್ಪೆಗೂದಲಿಗೆ ತಾಗಿ ಮಬ್ಬಾಯಿತು, ಜಾರುವುದೂ ಪೂರ್ತಿ ನಿಲ್ಲಲಿಲ್ಲ. ಕಡ್ಡಿಯ ತುದಿಗೆ ಸಿಲಿಕೋನ್ ಕೊಕ್ಕೆ ಹಾಕಿದ್ದು ವಾಸಿ. ನಿಜವಾಗಿ ಕೆಲಸಕ್ಕೆ ಬಂದದ್ದು ಮೂಗಿನ ಸೇತುವೆ ಕೆಳಗಿರುವ, ಕಡ್ಡಿ ಗಿಡ್ಡವಾಗಿರುವ ಫ್ರೇಮ್. ಅಮೆರಿಕದ ಮರಿಯಾ ಡೆಲ್ಲಾಪಿನಾ ಅನ್ನುವವರು ಕನ್ನಡಕದ ಕೆಲಸದಲ್ಲೇ ಇದ್ದವರು. ಡೌನ್ ಸಿಂಡ್ರೋಮ್ ಇರುವ ತಮ್ಮ ಮಗಳು ಎರಿನ್‌ಗೆ ಸರಿಹೊಂದುವ ಫ್ರೇಮ್ ಸಿಗದೆ, ಸ್ಪೆಕ್ಸ್‌ಫೋರ್‌ಅಸ್ ಅನ್ನುವ ಫ್ರೇಮ್ ಕಂಪನಿಯನ್ನು ತಾವೇ ಶುರು ಮಾಡಿದರು. ಅಂಥದ್ದು ಕೈಗೆಟುಕದಿದ್ದರೆ ಮೂಗಿನ ಪ್ಯಾಡನ್ನು ಒಳಗೆ ಹೊರಗೆ ಬಗ್ಗಿಸಲು ಬರುವ ಫ್ರೇಮ್ ಹುಡುಕಿ. ನಮ್ಮದು ಅಂಥದ್ದೇ. ಲೆನ್ಸಿನ ಎತ್ತರವೂ ಸಾಕಷ್ಟಿರಲಿ, ಗೆರೆಯ ಮೇಲೆ ಕೆಳಗೆ ಎರಡೂ ಕಡೆ ಜಾಗ ಬೇಕು.

ಲೆನ್ಸು ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್, ಎರಡೂ ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್. ಗಾಜು ಬೇಡವೇ ಬೇಡ. ಗೀರು ತಡೆಯುವ ಕೋಟಿಂಗ್ ಹಾಕಿಸಿ, ಉಳಿದ ಕೋಟಿಂಗುಗಳಿಗೆ ನಾನು ದುಡ್ಡು ಕೊಡಲಿಲ್ಲ.

ನಮ್ಮದು ಲೆಕ್ಕ ಹಾಕಿ ಖರ್ಚು ಮಾಡುವ ಮನೆ. ಮಗಳು ಕನ್ನಡಕದ ಮೇಲೆ ಕೂರುತ್ತಾಳೆ, ಪವರ್ ಬದಲಾಗುತ್ತದೆ. ಹಾಗಾಗಿ ದುಡ್ಡು ಹೋಗಬೇಕಾದದ್ದು ಮೊದಲು ಫ್ರೇಮಿಗೆ, ಆಮೇಲೆ 35ರ ಡಿ ಶೇಪ್‌ಗೆ. ಪ್ರೋಗ್ರೆಸಿವ್‌ಗೆ ಕೇಳಿದ ಹಣದಲ್ಲಿ ಇವೆರಡೂ ಮುಗಿದು ಸ್ವಲ್ಪ ಉಳಿಯಿತು. ದಿನವಿಡೀ ಕನ್ನಡಕ ಹಾಕಿಕೊಳ್ಳದ, ಬರೀ ಮೇಜಿನ ಮುಂದೆ ಕೂತಾಗ ಹಾಕುವ ಮಗುವಾದರೆ ನಿಮ್ಮ ಲೆಕ್ಕ ಬೇರೆಯಾಗಬಹುದು. ಆಗ ಹತ್ತಿರದ ಕನ್ನಡಕ ಒಂದೇ ಸಾಕಾದೀತು, ಕಣ್ಣಿನವರನ್ನು ಕೇಳಿ ನೋಡಿ.

ಬೈಫೋಕಲ್ ಹಾಕಿಕೊಂಡು ಕೆಲ ಮಕ್ಕಳ ಫೋಕಸ್ ತಾನೇ ಸುಧಾರಿಸಿ, ಮುಂದೆ ಒಂದೇ ಪವರಿನ ಕನ್ನಡಕಕ್ಕೆ ಮರಳುವುದೂ ಉಂಟು. ಎಲ್ಲರಿಗೂ ಅಲ್ಲ. ನಮ್ಮವಳಿಗೆ ಸದ್ಯಕ್ಕೆ ಹಾಗೆ ಕಾಣುತ್ತಿಲ್ಲ. ಪ್ರತಿ ತಪಾಸಣೆಯಲ್ಲೂ ಹತ್ತಿರದ ಫೋಕಸ್ಸನ್ನು ಕನ್ನಡಕದ ಮೇಲ್ಭಾಗದಿಂದ ಒಮ್ಮೆ, ಕೆಳಭಾಗದಿಂದ ಒಮ್ಮೆ ನೋಡಲು ಕೇಳುತ್ತೇನೆ. ಶಾಲೆಗೆ ಕೊಡುವ ಚೀಟಿಯಲ್ಲಿ ಒಂದೇ ಸಾಲು ಬರೆದಿದ್ದೇನೆ: ಗೆರೆ ಕಪ್ಪು ಬೊಟ್ಟಿಗಿಂತ ಕೆಳಗಿದ್ದರೆ ಕನ್ನಡಕ ಮೇಲೆ ತಳ್ಳಿ.