ರೇಂಜ್ ರೋವರ್ ಪಿ38ರ ಬಲೂನು ಸೋರಿದಾಗ: ಅಗ್ಗದ್ದು, ಡನ್‌ಲಪ್, ಇಲ್ಲಾ ಕಾಯಿಲ್ ಸ್ಪ್ರಿಂಗ್?

ಬೆಳಿಗ್ಗೆ ಕಿಟಕಿ ಪರದೆ ಸರಿಸಿದರೆ ಗಾಡಿ ಎಮ್ಮೆಯ ಹಾಗೆ ಹೊಟ್ಟೆ ನೆಲಕ್ಕೆ ಹಚ್ಚಿ ಕೂತಿತ್ತು. ರಾತ್ರಿ ನಿಲ್ಲಿಸಿದಾಗ ಸರಿಯಾಗೇ ಇತ್ತು. ಸ್ಟಾರ್ಟ್ ಮಾಡಿದೆ. ಸಸ್ಪೆನ್ಷನ್ನಿಗೆ ಗಾಳಿ ತುಂಬುವ ಕಂಪ್ರೆಸರ್ ನಾಲ್ಕೈದು ನಿಮಿಷ ಗುರ್ ಎಂದು ಒದ್ದಾಡಿ ಕೊನೆಗೂ ಎತ್ತಿ ನಿಲ್ಲಿಸಿತು. ಮೂರನೇ ವಾರಕ್ಕೆ ಅದೂ ಆಗಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಮೊದಲು "ಇಎಎಸ್ ಫಾಲ್ಟ್" (ಗಾಳಿ ಸಸ್ಪೆನ್ಷನ್ನಿನಲ್ಲಿ ದೋಷ) ಎಂದು ಬಂತು, ಅದರ ಹಿಂದೆಯೇ "35 ಎಂಪಿಎಚ್ ಮ್ಯಾಕ್ಸ್". ಗಂಟೆಗೆ 56 ಕಿಲೋಮೀಟರ್ ದಾಟಬೇಡಪ್ಪ ಎಂದು ಗಾಡಿಯೇ ನನಗೆ ಬುದ್ಧಿ ಹೇಳಿತು.

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಗಾಡಿ 1999ರ ರೇಂಜ್ ರೋವರ್, 4.6 ಲೀಟರ್ ವಿ8 ಪೆಟ್ರೋಲ್. 1994ರಲ್ಲಿ ಬಂದ ಎರಡನೇ ತಲೆಮಾರಿನ ಮಾದರಿ ಇದು. ಎಲ್ಲರೂ ಪಿ38 ಎನ್ನುತ್ತಾರೆ. ತಯಾರಾಗಿದ್ದು ಇಲ್ಲೇ ಪಕ್ಕದ ಸೋಲಿಹಲ್‌ನಲ್ಲಿ. ಊರಲ್ಲಿ ನಮ್ಮಪ್ಪ ಮಾತ್ರ ಸಿಕ್ಕಿದವರಿಗೆಲ್ಲ "ಮಗ ಟಾಟಾ ಗಾಡಿ ತಗೊಂಡಿದಾನೆ" ಅಂತಲೇ ಹೇಳುವುದು. 2008ರಲ್ಲಿ ಲ್ಯಾಂಡ್ ರೋವರ್ ಕಂಪನಿ ಟಾಟಾ ಪಾಲಾದದ್ದು ನಿಜ. ಆದರೆ ನನ್ನ ಗಾಡಿ ಹುಟ್ಟಿದಾಗ ಅದು ಬಿಎಂಡಬ್ಲ್ಯು ಕೈಯಲ್ಲಿತ್ತು. ಇದನ್ನು ಅಪ್ಪನಿಗೆ ಫೋನಿನಲ್ಲಿ ವಿವರಿಸುವುದನ್ನು ಬಿಟ್ಟು ಎರಡು ವರ್ಷ ಆಯಿತು.

ಈ ಗಾಡಿಯಲ್ಲಿ ಉಕ್ಕಿನ ಕಾಯಿಲ್ ಸ್ಪ್ರಿಂಗ್ ಇಲ್ಲ. ನಾಲ್ಕು ಮೂಲೆಗೆ ನಾಲ್ಕು ರಬ್ಬರ್ ಚೀಲ. ನಮ್ಮ ಕಡೆ ಬಸ್ ಮೆಕ್ಯಾನಿಕ್‌ಗಳು ಇಂಥದ್ದನ್ನು ಬಲೂನು ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಬಾನೆಟ್ ಕೆಳಗಿನ ಪೆಟ್ಟಿಗೆಯಲ್ಲಿ ಕಂಪ್ರೆಸರ್ ಮತ್ತು ಗಾಳಿಯನ್ನು ಮೂಲೆ ಮೂಲೆಗೆ ಹಂಚುವ ವಾಲ್ವ್ ಬ್ಲಾಕ್ ಕೂತಿವೆ. ಅಲ್ಲಿಂದ 6 ಮಿಲಿಮೀಟರಿನ ನೈಲಾನ್ ಪೈಪು ಒಂದೊಂದು ಬಲೂನಿಗೂ ಹೋಗುತ್ತದೆ. ಶಾಕ್ ಅಬ್ಸಾರ್ಬರ್ ಬೇರೆ, ಬಲೂನು ಬೇರೆ. ಮನೆಯಲ್ಲೇ ಕೆಲಸ ಮಾಡುವವರಿಗೆ ಇದೊಂದೇ ದೊಡ್ಡ ಪುಣ್ಯ. 2004ರಲ್ಲಿ ಬಂದ ಅದೇ ಕಂಪನಿಯ ಡಿಸ್ಕವರಿ 3ರಲ್ಲಿ ಬಲೂನು ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಸೇರಿಕೊಂಡಿವೆ. ಅದರ ಕೆಲಸ ಬೇರೆಯೇ, ಇಲ್ಲಿ ಹೇಳುವುದನ್ನು ಅದಕ್ಕೆ ಅನ್ವಯಿಸಬೇಡಿ.

ಯಾವ ಬಲೂನು ಸೋರುತ್ತಿದೆ ಎಂದು ಹುಡುಕುವಾಗ ನಾನು ಒಂದು ವಾರ ಮೋಸ ಹೋದೆ. ನಾಲ್ಕೂ ಮೂಲೆ ಸಮನಾಗಿ ಇಳಿದಿತ್ತು, ಹಾಗಾಗಿ ವಾಲ್ವ್ ಬ್ಲಾಕೇ ಹೋಗಿದೆ ಅಂದುಕೊಂಡೆ. ಅಸಲಿ ವಿಷಯ ಏನೆಂದರೆ, ಗಾಡಿ ನಿಂತಿದ್ದರೂ ಅದರ ಕಂಪ್ಯೂಟರ್ ಆರು ಗಂಟೆಗೊಮ್ಮೆ ಎಚ್ಚರವಾಗುತ್ತದೆ. ಒಂದು ಮೂಲೆ ಇಳಿದಿದ್ದರೆ ಉಳಿದ ಮೂರನ್ನೂ ಅದರ ಮಟ್ಟಕ್ಕೇ ಇಳಿಸುತ್ತದೆ. ಒಬ್ಬ ಜಾರಿ ಬಿದ್ದರೆ ಮನೆಮಂದಿಯೆಲ್ಲ ಮಲಗಿದ ಹಾಗೆ! ಕೊನೆಗೆ ಸಸ್ಪೆನ್ಷನ್ ಪೂರ್ತಿ ಎತ್ತರಿಸಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಸ್ಪ್ರೇ ಮಾಡಿದೆ. ಹಿಂದಿನ ಎರಡೂ ಬಲೂನುಗಳಲ್ಲಿ, ರಬ್ಬರು ಕೆಳಗಿನ ಪಿಸ್ಟನ್ (ಬಲೂನಿನ ಗಟ್ಟಿ ಬುಡ) ಮೇಲೆ ಮಡಿಚಿಕೊಳ್ಳುವ ಜಾಗದಲ್ಲಿ, ಗುಳ್ಳೆ ಎದ್ದವು. ಮುಂದಿನವು ಸೋರುತ್ತಿರಲಿಲ್ಲ, ಆದರೆ ಒಣಗಿದ ಕೆರೆಯ ಮಣ್ಣಿನಂತೆ ಸಣ್ಣ ಬಿರುಕು ಬಿಟ್ಟಿದ್ದವು.

ಮೊದಲ ತಪ್ಪು: ಅಗ್ಗದ ಜೋಡಿ

ಹಿಂದಿನ ಎರಡಕ್ಕೆ ಹೆಸರೇ ಇಲ್ಲದ ಡಬ್ಬಿಯಲ್ಲಿ ಬಂದ ಬಲೂನು ತರಿಸಿದೆ. ಜೋಡಿಗೆ 85 ಪೌಂಡ್. ನೋಡಲು ಥೇಟ್ ಅದೇ. ಕೈಯಲ್ಲಿ ಹಿಸುಕಿದರೆ ರಬ್ಬರು ಸ್ವಲ್ಪ ಗಡುಸು. ರಬ್ಬರನ್ನು ಬಿಗಿದಿದ್ದ ಲೋಹದ ಬಳೆ ಒಂದು ಕಡೆ ಒರಟಾಗಿತ್ತು. ಅವತ್ತೇ ಅನುಮಾನ ಬಂದಿತ್ತು, ಸುಮ್ನೆ ಹಾಕಿಬಿಟ್ಟೆ. ಮೊದಲ ದಿನ ಓಡಿಸಿದಾಗ ಬಹಳ ಖುಷಿಯಾಯಿತು. ಹಳೆಯ ಹರಿದ ಬಲೂನಿಗೆ ಹೋಲಿಸಿದರೆ ಯಾವುದಾದರೂ ಚೆನ್ನಾಗೇ ಇರುತ್ತದೆ, ಅಲ್ವಾ? ಚಳಿಗಾಲ ಬಂದ ಮೇಲೆ ಗೊತ್ತಾಯಿತು: ಬೆಳಗಿನ ಮೊದಲ ಹತ್ತು ನಿಮಿಷ ಹಿಂಭಾಗ ಸಣ್ಣ ಸಣ್ಣ ಗುಂಡಿಗೂ ಕುಟ್ಟುತ್ತಿತ್ತು.

ಹದಿನಾಲ್ಕು ತಿಂಗಳಿಗೆ ಎಡಗಡೆಯದು ಅದೇ ಒರಟು ಬಳೆಯ ಹತ್ತಿರ ಸೋರತೊಡಗಿತು. ವಾರಂಟಿ ಹನ್ನೆರಡು ತಿಂಗಳು. ಲೆಕ್ಕ ಹಾಕಿ ಮಾಡಿದ್ದರೋ ಏನೋ.

85 ಪೌಂಡ್ ಹೋದದ್ದು ದೊಡ್ಡದಲ್ಲ. ಸೋರುವ ಬಲೂನಿಗೆ ಗಾಳಿ ತುಂಬಿ ತುಂಬಿ ಕಂಪ್ರೆಸರಿನ ಪಿಸ್ಟನ್ ಸೀಲ್ ಸವೆದುಹೋಗಿತ್ತು. ಸೀಲ್ ಅಗ್ಗ, ಒಂದು ಸಂಜೆಯ ಕೆಲಸ. ಆದರೆ ಆ ಒಂದು ಸಂಜೆ ಜನವರಿಯಲ್ಲಿ ಬಂತು, ಬಯಲಲ್ಲಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು.

ಡನ್‌ಲಪ್ ನಾಲ್ಕೂ

ಪಿ38ಕ್ಕೆ ಕಾರ್ಖಾನೆಯಿಂದಲೇ ಬರುತ್ತಿದ್ದದ್ದು ಡನ್‌ಲಪ್ ಬಲೂನು. ಆ ಕಂಪನಿ ಇರುವುದೂ ಕವೆಂಟ್ರಿಯಲ್ಲೇ. ಮನೆ ಹತ್ತಿರ ಇದ್ದದ್ದನ್ನು ಬಿಟ್ಟು ಎಲ್ಲಿಂದಲೋ ತರಿಸಿದ್ದಕ್ಕೆ ಹೆಂಡತಿಯಿಂದ ಒಂದು ಮಾತು ಕೇಳಿದ್ದೂ ಆಯಿತು. ನಾಲ್ಕಕ್ಕೂ ಸೇರಿ 400 ಪೌಂಡ್ ಹತ್ತಿರ ಕೊಟ್ಟೆ. ಅಂಗಡಿಯವರಿಗೆ ಫೋನ್ ಮಾಡಿ ಯಾವಾಗ ತಯಾರಾದದ್ದು ಎಂದು ಕೇಳಿಯೇ ತೆಗೆದುಕೊಂಡೆ. ರಬ್ಬರು ಕಪಾಟಿನಲ್ಲಿ ಕೂತರೂ ವಯಸ್ಸಾಗುತ್ತದೆ.

ಕೆಲಸದ ಬಗ್ಗೆ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಯಾವ ಬಲೂನು ಕೊಂಡರೂ ಹಾಕುವ ರೀತಿ ತಪ್ಪಿದರೆ ಎಲ್ಲವೂ ಒಂದೇ.

ಗಾಡಿಯ ತೂಕ ಎರಡು ಟನ್ ಮೀರಿದೆ. ಮೊದಲು ಸಮತಟ್ಟು ಜಾಗ, ಚಕ್ರಕ್ಕೆ ಅಡ್ಡ ಕಟ್ಟೆ. ಸಸ್ಪೆನ್ಷನ್ ಪೂರ್ತಿ ಎತ್ತರಿಸಿ, ಚಾಸಿಸ್ ಕೆಳಗೆ ಸ್ಟ್ಯಾಂಡ್ ಇಟ್ಟೆ. ಆಮೇಲೆ ಇಳಿಸಿದರೆ ಗಾಡಿ ತಾನಾಗಿಯೇ ಸ್ಟ್ಯಾಂಡ್ ಮೇಲೆ ಕೂರುತ್ತದೆ, ಜಾಕಿಯ ಕೆಲಸ ಅರ್ಧ ಕಡಿಮೆಯಾಗುತ್ತದೆ. ಚಾಸಿಸ್‌ಗೆ ಆಧಾರ ಕೊಡದೆ ಗಾಳಿ ಬಿಡಲೇಬಾರದು. ಕೆಳಗೆ ಕೈ ಇದ್ದರೆ ಕೈ ಹೋಗುತ್ತದೆ, ತಲೆ ಇದ್ದರೆ ತಲೆ. ಒಂದು ಬಾಗಿಲು ತೆರೆದಿಟ್ಟರೆ ಸಸ್ಪೆನ್ಷನ್ ಇದ್ದಲ್ಲೇ ಇರುತ್ತದೆ, ಆದರೆ ನಾನು ಅದನ್ನೇ ನಂಬಿ ಕೆಳಗೆ ಮಲಗುವುದಿಲ್ಲ.

ಆ ಮೂಲೆಯ ಪೈಪನ್ನು ವಾಲ್ವ್ ಬ್ಲಾಕ್ ಹತ್ತಿರ ಬಿಚ್ಚಿದಾಗ ಪ್ರೆಷರ್ ಕುಕ್ಕರ್ ಕೂಗಿದ ಹಾಗೆ ಗಾಳಿ ಹೋಯಿತು. ಚಕ್ರ ತೆಗೆದೆ. ಆಕ್ಸಲ್ ಕೆಳಗೆ ಜೋತುಬಿತ್ತು, ಬಲೂನು ಪೂರ್ತಿ ಎಳೆದುಕೊಂಡು ಕೈಗೆ ಸಿಕ್ಕಿತು. ಅದನ್ನು ಹಿಡಿದಿರುವುದು ಒಂದಷ್ಟು ಪಿನ್ನು, ಕ್ಲಿಪ್ಪು, ಅಷ್ಟೇ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಹಾಗಾಗಿ ಎಲ್ಲ ತುಕ್ಕು ಹಿಡಿದು ಮುದ್ದೆಯಾಗಿತ್ತು. ಹಿಂದಿನ ದಿನವೇ ಎಣ್ಣೆ ಹೊಡೆದಿಟ್ಟಿದ್ದರೂ ಎರಡು ಕ್ಲಿಪ್ ಮುರಿದವು. ಹೊಸ ಕ್ಲಿಪ್ ಸೆಟ್ ಮೊದಲೇ ತರಿಸಿಟ್ಟುಕೊಳ್ಳಿ. ಭಾನುವಾರ ಮಧ್ಯಾಹ್ನ ಎಲ್ಲೂ ಸಿಗುವುದಿಲ್ಲ.

ಪೈಪಿನ ತುದಿಯನ್ನು ಹಾಗೇ ತೂರಿಸಬೇಡಿ. ಹಳೆಯ ತುದಿಯ ಮೇಲೆ ಗೀರು ಬಿದ್ದಿರುತ್ತದೆ, ಸೋರುವುದು ಅಲ್ಲೇ. ಹರಿತವಾದ ಬ್ಲೇಡಿನಿಂದ ಅರ್ಧ ಸೆಂಟಿಮೀಟರ್ ನೇರವಾಗಿ ಕತ್ತರಿಸಿ, ಅಂಚನ್ನು ಸ್ವಲ್ಪ ಸವರಿ, ಒ-ರಿಂಗ್‌ಗಳ (ಸೋರದಂತೆ ತಡೆಯುವ ಸಣ್ಣ ರಬ್ಬರ್ ಬಳೆಗಳು) ಒಳಗೆ ಪೂರ್ತಿ ಕೂರುವ ತನಕ ಒತ್ತಬೇಕು. ಅಗ್ಗದ ಬಲೂನು ಹಾಕುವಾಗ ನಾನು ಇದನ್ನು ಮಾಡಿರಲಿಲ್ಲ. ಆ ಜೋಡಿಯ ಬಲಗಡೆಯದೂ ನಿಧಾನವಾಗಿ ಇಳಿಯುತ್ತಿತ್ತು, ಅದಕ್ಕೆ ಅರ್ಧ ತಪ್ಪು ನನ್ನದೇ ಇರಬಹುದು. ಇದನ್ನು ಹೇಳದಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಹೊಸ ಬಲೂನಿನಲ್ಲಿ ಗಾಳಿ ಇಲ್ಲದಾಗ ಗಾಡಿಯ ಭಾರ ಅದರ ಮೇಲೆ ಬಿದ್ದರೆ ರಬ್ಬರು ಅಡ್ಡಾದಿಡ್ಡಿ ಮಡಚಿಕೊಂಡು ಸಿಕ್ಕಿಕೊಳ್ಳುತ್ತದೆ. ಆಕ್ಸಲ್ ಜೋತುಬಿದ್ದಿರುವಾಗಲೇ ಗಾಳಿ ತುಂಬುವುದೂ ತಪ್ಪು. ಆಕ್ಸಲನ್ನು ಜಾಕಿಯಿಂದ ಸಾಮಾನ್ಯ ಎತ್ತರದ ಹತ್ತಿರಕ್ಕೆ ಎತ್ತಿ, ರಬ್ಬರು ಪಿಸ್ಟನ್ ಸುತ್ತ ಸಮನಾಗಿ ಮಡಿಚಿದೆಯಾ ಎಂದು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಬಾಗಿಲು ಮುಚ್ಚಿ ಎಂಜಿನ್ ಸ್ಟಾರ್ಟ್ ಮಾಡಿ ಗಾಳಿ ತುಂಬಬೇಕು. ಸ್ಟ್ಯಾಂಡ್ ತೆಗೆಯುವುದು ಅದಾದ ಮೇಲೆ.

ಮೊದಲ ಬಲೂನಿಗೆ ಎರಡೂವರೆ ಗಂಟೆ. ನಾಲ್ಕನೆಯದಕ್ಕೆ ನಲವತ್ತು ನಿಮಿಷ. ಡ್ಯಾಶ್‌ಬೋರ್ಡಿನ ಫಾಲ್ಟ್ ಮಾತ್ರ ತಾನಾಗಿ ಹೋಗಲಿಲ್ಲ, ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಅಳಿಸಬೇಕಾಯಿತು.

ಈಗ ಮೂರನೇ ವರ್ಷ. ಎರಡು ವಾರ ಊರಿಗೆ ಹೋಗಿ ಬಂದರೂ ಗಾಡಿ ಬಿಟ್ಟ ಎತ್ತರದಲ್ಲೇ ನಿಂತಿರುತ್ತದೆ. ಚಳಿಯಲ್ಲೂ ಮೆದು.

ಗೆಳೆಯನ ಕಾಯಿಲ್ ಸ್ಪ್ರಿಂಗ್

ಬರ್ಮಿಂಗ್‌ಹ್ಯಾಮಿನಲ್ಲಿ ಇರುವ ದಾವಣಗೆರೆ ಗೆಳೆಯನದೂ ಪಿ38, 2.5 ಲೀಟರ್ ಡೀಸೆಲ್. ಅವನು ಬಲೂನು, ಕಂಪ್ರೆಸರ್ ಎಲ್ಲ ಕಿತ್ತುಹಾಕಿ ಉಕ್ಕಿನ ಸ್ಪ್ರಿಂಗ್ ಕಿಟ್ ಹಾಕಿದ. 330 ಪೌಂಡ್. ನಾನೂ ಕೈ ಜೋಡಿಸಿದೆ, ಒಂದೇ ಶನಿವಾರದಲ್ಲಿ ಮುಗಿಯಿತು. "ಇನ್ಮೇಲೆ ರಾತ್ರಿ ನಿದ್ದೆ ಬರುತ್ತೆ ನೋಡಲೇ" ಅಂದ. ಅದರಲ್ಲಿ ಸುಳ್ಳಿಲ್ಲ. ಸೋರುವುದಕ್ಕೆ ಏನೂ ಉಳಿದಿಲ್ಲವಲ್ಲ.

ಎರಡು ವಾರ ಗಾಡಿ ಅದಲು ಬದಲು ಮಾಡಿಕೊಂಡೆವು. ಒಬ್ಬನೇ ಓಡಿಸುವಾಗ ಅವನದು ಪರವಾಗಿಲ್ಲ. ಕೆಟ್ಟ ರಸ್ತೆಯಲ್ಲಿ ಸ್ವಲ್ಪ ಜಾಸ್ತಿ ತೊನೆಯುತ್ತದೆ, ಅಷ್ಟೇ. ಐದು ಜನ, ಹಿಂದೆ ಸಾಮಾನು ತುಂಬಿದಾಗ ಬಣ್ಣ ಬಯಲಾಯಿತು. ಹಿಂಭಾಗ ಕುಸಿದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯಿತು. ಬಲೂನಿನ ಗಾಡಿ ಭಾರ ಎಷ್ಟಿದ್ದರೂ ತನ್ನನ್ನು ಸಮ ಮಾಡಿಕೊಳ್ಳುತ್ತದೆ. ಮೋಟಾರ್‌ವೇಯಲ್ಲಿ ವೇಗ ಹೆಚ್ಚಿದಾಗ ಕೆಳಗಿಳಿಯುತ್ತದೆ, ಕಚ್ಚಾದಾರಿಯಲ್ಲಿ ಬಟನ್ ಒತ್ತಿದರೆ ಸುಮಾರು 40 ಮಿಲಿಮೀಟರ್ ಏರುತ್ತದೆ. ಸ್ಪ್ರಿಂಗ್ ಹಾಕಿದ ಮೇಲೆ ಇದೆಲ್ಲ ಹೋಯಿತು. ಇನ್ಶೂರೆನ್ಸ್‌ನವರಿಗೂ ಗಾಡಿ ಬದಲಾಯಿಸಿದ್ದೇನೆ ಎಂದು ತಿಳಿಸಬೇಕಾಗಿ ಬಂತು.

ಆದರೂ ಒಂದು ಮಾತು ಒಪ್ಪಬೇಕು. ವೇಲ್ಸ್‌ನ ಸ್ಟ್ರಾಟಾ ಫ್ಲೊರಿಡಾ ಕಡೆಯ ಹಳ್ಳ ದಾಟುವ ದಾರಿಯಲ್ಲಿ ಅವನು ನೆಮ್ಮದಿಯಾಗಿದ್ದ, ನಾನಿರಲಿಲ್ಲ. ಪ್ರತಿ ಹಳ್ಳ ದಾಟಿದಾಗಲೂ ಬಲೂನಿನ ಮಡಿಕೆಗೆ ಮರಳು ಸೇರಿತಾ ಎಂದು ಬಗ್ಗಿ ನೋಡುತ್ತಿದ್ದೆ. ಮನೆಗೆ ಬಂದ ಕೂಡಲೇ ಪೈಪ್ ಹಿಡಿದು ತೊಳೆಯುವುದು ನನ್ನ ಪಾಲಿನ ಕೆಲಸ. ಮರಳು ಉಳಿದರೆ ರಬ್ಬರನ್ನು ಉಜ್ಜಿ ತಿನ್ನುತ್ತದೆ.

ಅದೇ ದಾರಿಗೆ ಬಂದಿದ್ದ ಇನ್ನೊಬ್ಬರ ಗಾಡಿಯಲ್ಲಿ ಅಮೆರಿಕದ ಆರ್ನಾಟ್ ಬಲೂನು, ರಬ್ಬರು ಉದ್ದವಿರುವ ಮಾದರಿ. ಅರ್ಧ ದಿನ ಓಡಿಸಿದೆ. ಆಕ್ಸಲ್ ಜಾಸ್ತಿ ಕೆಳಗಿಳಿಯುತ್ತದೆ, ಗುಂಡಿಯಲ್ಲಿ ಚಕ್ರ ನೆಲ ಬಿಡುವುದು ಕಡಿಮೆ. ಆದರೆ ಆ ಲಾಭ ಪೂರ್ತಿ ಸಿಗಬೇಕಾದರೆ ಉದ್ದದ ಶಾಕ್ ಅಬ್ಸಾರ್ಬರ್ ಕೂಡ ಬೇಕು. ವಾರ ವಾರ ಕೆಸರಿಗೆ ಇಳಿಯುವವರಿಗೆ ಸರಿ. ವರ್ಷಕ್ಕೆ ಮೂರು ಸಲ ಹೋಗುವ ನನಗೆ ಬೇಡ.

ನನ್ನ ಆಯ್ಕೆ ಗಟ್ಟಿಯಾದದ್ದು ಹೋದ ಬೇಸಿಗೆಯಲ್ಲಿ ಅಮ್ಮ ಬಂದಾಗ. ಮಂಡಿ ನೋವು, ಎತ್ತರದ ಗಾಡಿ ಹತ್ತುವುದು ಕಷ್ಟ. ನಾನು ಆಕ್ಸೆಸ್ ಬಟನ್ ಒತ್ತಿದೆ. ಗಾಡಿ ಉಸ್ಸೆಂದು ಸುಮಾರು ಆರೂವರೆ ಸೆಂಟಿಮೀಟರ್ ಇಳಿದು ನಿಂತಿತು. ಅಮ್ಮ ನಕ್ಕು, "ನಮ್ ಬೆಂಗಳೂರು ವಜ್ರ ಬಸ್ಸೂ ಹಿಂಗೇ ಬಗ್ಗುತ್ತೆ ಕಣೋ" ಅಂತ ಸಲೀಸಾಗಿ ಹತ್ತಿ ಕೂತರು. ಮರುವಾರ ಗೆಳೆಯನ ಗಾಡಿಯಲ್ಲಿ ದೇವಸ್ಥಾನಕ್ಕೆ ಹೊರಟೆವು. ಅವನು ಡಿಕ್ಕಿಯಿಂದ ಒಂದು ಪ್ಲಾಸ್ಟಿಕ್ ಸ್ಟೂಲ್ ತೆಗೆದು ಬಾಗಿಲ ಬಳಿ ಇಟ್ಟ. ನಾನು ಏನೂ ಹೇಳಲಿಲ್ಲ. "ನೀನೇನೂ ಹೇಳ್ಬ್ಯಾಡ" ಅಂತ ಅವನೇ ಅಂದ.

ಅವನು ಕಿತ್ತುಹಾಕಿದ್ದ ಕಂಪ್ರೆಸರ್, ವಾಲ್ವ್ ಬ್ಲಾಕ್ ಈಗ ನನ್ನ ಶೆಡ್ಡಿನಲ್ಲಿವೆ. ಮೂವತ್ತು ಪೌಂಡ್ ಕೊಟ್ಟು ತಂದೆ. ಹೊಸ ಸೀಲ್ ಹಾಕಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.