ಹಸಿ ಕಸಕ್ಕೆ ಯಾವುದು ಸರಿ: ಮಣ್ಣಿನ ಮಡಕೆ, ಬೊಕಾಶಿ, ಪೇಂಟ್ ಡಬ್ಬ, ಇಲ್ಲಾ ಬೀದಿಯ ಎಲೆ ಬುಟ್ಟಿ?

ಮೊದಲೇ ಹೇಳಿಬಿಡುತ್ತೇನೆ. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡೋಕೆ, ಅಂಗಳ ಇಲ್ಲದ ಬೆಂಗಳೂರಿನ ಮನೆಗೆ, ಫ್ಲ್ಯಾಟ್ ಇರಲಿ ಬಾಡಿಗೆ ಮನೆ ಇರಲಿ, ತೂತು ಹೊಡೆದ ಹಳೇ ಪೇಂಟ್ ಡಬ್ಬಗಳೇ ಸಾಕು. ಜೊತೆಗೆ ಒಂದು ಗೋಣಿಚೀಲ ತರಗೆಲೆ ಬೇಕು. ಮಡಕೆ, ಬೊಕಾಶಿ (ಕಸಕ್ಕೆ ಹುಳಿ ಬರಿಸೋ ಮುಚ್ಚಿದ ಬಕೆಟ್), ಕರೆಂಟಿನ ಮೆಷಿನ್ ಎಲ್ಲವನ್ನೂ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಪಾತ್ರೆ ಯಾವುದಾದರೂ ನಡೆಯುತ್ತದೆ. ಒಣ ಎಲೆ ಎಷ್ಟು ಹಾಕುತ್ತೀರಿ ಅನ್ನೋದರ ಮೇಲೆ ವಾಸನೆ, ಹುಳ, ಪಕ್ಕದ ಮನೆಯವರ ಜೊತೆ ಜಗಳ ಎಲ್ಲ ನಿಂತಿದೆ.

ನಾವಿರೋದು ಬನಶಂಕರಿ ಎರಡನೇ ಹಂತದಲ್ಲಿ. ನಮ್ಮ ಬೀದಿಯಲ್ಲಿ ಎರಡು ಜನ ಗೇಟಿನ ಹತ್ತಿರ ನಿಂತರೆ ಮಾತು ಶುರುವಾಗೋದು ನೀರಿಂದ, ಮುಗಿಯೋದು ಕಸದಿಂದ. ಕಸದ ಟಿಪ್ಪರ್ ಬಂತಾ, ಹೋಯ್ತಾ, ಆ ಮೂಲೆಯಲ್ಲಿ ಕವರ್ ಎಸೆದಿದ್ದು ಯಾರು, ಇದೇ ಮಾತು. ಟಿಪ್ಪರಿಗೆ ಕೊಡೋದೇ ಸುಲಭದ ದಾರಿ, ಅದರಲ್ಲಿ ತಪ್ಪೇನೂ ಇಲ್ಲ. ಬೇರೆ ಮಾಡಿ ಕೊಟ್ಟರೆ ಸಾಕು. 2012ರಿಂದಲೇ ಹಸಿ, ಒಣ ಬೇರೆ ಮಾಡೋದು ನಗರದಲ್ಲಿ ಕಡ್ಡಾಯ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲ ಅಂತ ಹೇಳಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡ್, ಡೈಪರ್, ಬ್ಯಾಂಡೇಜ್, ಚೀಲಕ್ಕೆ ಒಣ ಕಸ. ತೊಂದರೆ ಇರೋದು ಟಿಪ್ಪರ್ ತಪ್ಪಿದ ದಿನ. ಒಣ ಕಸ ವಾರ ಕೂತರೂ ಏನೂ ಆಗಲ್ಲ. ಹಸಿ ಕಸ ಎರಡನೇ ದಿನಕ್ಕೇ ನಾರುತ್ತದೆ. ಕೆಲಸಕ್ಕೆ ಬೇಗ ಹೋಗುವವರು ಕವರನ್ನು ಗೇಟಿಗೆ ನೇತುಹಾಕುತ್ತಾರೆ, ನಾಯಿ ಎಳೆಯುತ್ತದೆ, ಮಾರನೇ ದಿನ ಅಲ್ಲೇ ಇನ್ನೊಂದು ಕವರ್ ಬೀಳುತ್ತದೆ, ವಾರದಲ್ಲಿ ಅದು ಬ್ಲ್ಯಾಕ್ ಸ್ಪಾಟ್, ಅಂದರೆ ಎಲ್ಲರೂ ಕಸ ಎಸೆಯೋ ಜಾಗ.

ಇನ್ನೊಂದು ಕಾರಣವೂ ಇದೆ. ನಗರದ ಕಸ ತಂದು ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನವರು ನಮ್ಮೆಲ್ಲರ ಮನೆಯ ಕಸದ ನಾತ, ನೊಣ, ಕೆಟ್ಟ ನೀರು ಎಲ್ಲ ವರ್ಷಗಟ್ಟಲೆ ಸಹಿಸಿದರು. ಮಂಡೂರಿನವರು 2014ರಲ್ಲಿ ರಸ್ತೆಗೆ ಇಳಿದ ಮೇಲೆಯೇ ಅಲ್ಲಿಗೆ ಲಾರಿ ಹೋಗೋದು ನಿಂತಿದ್ದು. ಆ ಕಸದ ಬೆಟ್ಟದಲ್ಲಿ ನಾರುತ್ತಿದ್ದದ್ದು ಮುಖ್ಯವಾಗಿ ಹಸಿ ಕಸ. ಪ್ಲಾಸ್ಟಿಕ್ ಜೊತೆ ಬೆರೆತ ಸಾರು, ಸಿಪ್ಪೆ. ಅದನ್ನು ನಾವು ಮನೆಯಲ್ಲೇ ಮುಗಿಸಬಹುದು ಅನ್ನೋದಾದರೆ ಯಾಕೆ ಮುಗಿಸಬಾರದು ಅಂತ ನಾನು ಶುರು ಮಾಡಿದ್ದು.

ಮೊದಲು ತಂದದ್ದು ಮೂರು ಅಂತಸ್ತಿನ ಮಣ್ಣಿನ ಮಡಕೆ. ನೋಡೋಕೆ ತುಂಬಾ ಚೆಂದ. ಮಣ್ಣು ಉಸಿರಾಡುತ್ತದೆ, ಜಾಸ್ತಿ ಇರೋ ತೇವವನ್ನು ಹೀರುತ್ತದೆ, ಒಳಗಿನ ಗೊಬ್ಬರಕ್ಕೆ ಒಳ್ಳೇ ಮಣ್ಣಿನ ವಾಸನೆ ಬರುತ್ತದೆ. ಗೊಬ್ಬರದ ಗುಣ ನೋಡಿದರೆ ಇವತ್ತಿಗೂ ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ಆದರೆ ಭಾರ. ಮೇಲಿನದನ್ನು ಎತ್ತಿ ಕೆಳಗಿಡುವಾಗ ಬೆನ್ನು ಹಿಡಿಯುತ್ತದೆ, ಅಂಚು ಒಡೆಯುತ್ತದೆ, ಬಾಡಿಗೆ ಮನೆ ಬದಲಿಸುವಾಗ ಅದನ್ನು ಸಾಗಿಸೋದೇ ಒಂದು ಕೆಲಸ. ಬೆಲೆಯೂ ಜಾಸ್ತಿ. ಏಪ್ರಿಲ್ ಬಿಸಿಲಿಗೆ ಒಳಗೆಲ್ಲ ಒಣಗಿ ಕೊಳೆಯೋದೇ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಮಡಕೆಯೇ ತಣ್ಣಗೆ ತೇವವಾಗಿರುತ್ತದೆ. ಆಗ ಕೆಳಗಿನ ಮನೆ ಆಂಟಿ ಮೆಟ್ಟಿಲ ಹತ್ತಿರ ನಿಂತು "ಏನಮ್ಮಾ, ಟೆರೇಸಿಂದ ಏನೋ ನಾತ ಬರ್ತಿದೆಯಲ್ಲಾ" ಅಂತ ಕೇಳಿದರು. ಅಂಗಡಿಯವರು ಹೇಳಿದ ಅಳತೆಗೆ ಸರಿಯಾಗಿಯೇ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕುತ್ತಿದ್ದೆ. ಆದರೆ ಕೋಕೋಪೀಟ್ ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿದುಕೊಳ್ಳುತ್ತದೆ. ಜೂನ್ ಜುಲೈನಲ್ಲಿ ಅದೇ ಮುದ್ದೆಯಾಗಿ ಕೂರುತ್ತದೆ, ಗಾಳಿಗೆ ಜಾಗವೇ ಇರಲ್ಲ.

ಗಾಳಿ ಇಲ್ಲದಿದ್ದರೆ ನಾತ ಬಂದೇ ಬರುತ್ತದೆ. ಗಾಳಿ ಬೇಕಾದ ಬ್ಯಾಕ್ಟೀರಿಯಾ ಹಿಂದೆ ಸರಿದು, ಗಾಳಿ ಬೇಡದವು ಕೆಲಸ ಶುರು ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅವುಗಳದ್ದು.

ಬೊಕಾಶಿ ಇದಕ್ಕೆ ಪೂರ್ತಿ ಉಲ್ಟಾ. ಗಾಳಿಯಾಡದ ಬಕೆಟ್, ಕೆಳಗೆ ನಲ್ಲಿ. ಕಸ ಹಾಕಿ, ಮೇಲೆ ಬೊಕಾಶಿ ತೌಡು (ಹುಳಿ ಬರಿಸೋ ಸೂಕ್ಷ್ಮಜೀವಿ ಬೆರೆಸಿದ ತೌಡು) ಉದುರಿಸಿ, ಒತ್ತಿ ಮುಚ್ಚಬೇಕು. ಇಲ್ಲಿ ಕಸ ಕೊಳೆಯಲ್ಲ, ಹುಳಿ ಬರುತ್ತದೆ, ಉಪ್ಪಿನಕಾಯಿ ಥರ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಏನಂದರೆ ಉಳಿದ ಅನ್ನ, ಸಾರು, ಮೀನಿನ ಮುಳ್ಳು, ಎಲ್ಲವನ್ನೂ ತಗೊಳ್ಳುತ್ತದೆ. ಬೇರೆ ಯಾವ ಪಾತ್ರೆಯೂ ಇದನ್ನು ಇಷ್ಟು ನೆಮ್ಮದಿಯಾಗಿ ಮಾಡಲ್ಲ. ಸಿಂಕಿನ ಕೆಳಗೇ ಇಡಬಹುದು, ಮುಚ್ಚಿದ್ದರೆ ನೊಣ ಬರಲ್ಲ. ಆದರೆ ಬಕೆಟ್ ತುಂಬಿ ಎರಡು ವಾರ ಆದ ಮೇಲೆ ಅದನ್ನು ಮಣ್ಣಿನಲ್ಲಿ ಹೂಳಬೇಕು, ಆಗಲೇ ಅದು ಗೊಬ್ಬರ ಆಗೋದು. ಮಣ್ಣೆಲ್ಲಿದೆ? ನಮ್ಮ 30x40 ಸೈಟುಗಳಲ್ಲಿ ಗೇಟಿಂದ ಬಾಗಿಲವರೆಗೂ ಕಾಂಕ್ರೀಟ್. ನಾನು ದೊಡ್ಡ ಕುಂಡದ ಮಣ್ಣಿನಲ್ಲಿ ಹೂತು ನೋಡಿದೆ, ಆಯಿತು, ಆದರೆ ಅಷ್ಟು ಖಾಲಿ ಕುಂಡ ಪ್ರತಿ ತಿಂಗಳೂ ಎಲ್ಲಿಂದ ತರೋದು? ಆ ತೌಡಿಗೂ ಮತ್ತೆ ಮತ್ತೆ ದುಡ್ಡು. ಅಂಗಳ ಇದ್ದವರು, ಮಾಂಸಾಹಾರದ ಅಡುಗೆ ಜಾಸ್ತಿ ಇರುವವರು ಖಂಡಿತ ನೋಡಿ.

ಕರೆಂಟಿನ ಮೆಷಿನ್ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಅಕ್ಕನ ಮನೆಯಲ್ಲಿದ್ದಾಗ ಬಳಸಿದೆ. ರಾತ್ರಿ ಹಾಕಿದರೆ ಬೆಳಿಗ್ಗೆ ಒಣ ಪುಡಿ. ಅದು ಬಿಸಿಮಾಡಿ ಒಣಗಿಸಿ ಪುಡಿ ಮಾಡಿದ ಕಸ, ಗೊಬ್ಬರ ಅಲ್ಲ. ನೀರು ಬಿದ್ದರೆ ಕುಂಡದಲ್ಲೇ ಬೂಸ್ಟು ಹಿಡಿದು ಮತ್ತೆ ನಾರುತ್ತದೆ. ಸಾವಿರಾರು ರೂಪಾಯಿ ಕೊಟ್ಟು, ಕರೆಂಟ್ ಬಿಲ್ಲನ್ನೂ ಕಟ್ಟಿ ಅರ್ಧ ಕೆಲಸ ಮಾಡಿಸಿಕೊಳ್ಳೋದು ನನಗೆ ಒಪ್ಪಿಗೆಯಾಗಲಿಲ್ಲ.

ಈಗ ಪೇಂಟ್ ಡಬ್ಬಕ್ಕೆ ಬರೋಣ. 20 ಲೀಟರಿನ ಪ್ಲಾಸ್ಟಿಕ್ ಡಬ್ಬ, ಗೋಡೆಗೆ ಹೊಡೆಯೋ ಎಮಲ್ಷನ್ ಬರುತ್ತದಲ್ಲ, ಅದು. ಬೀದಿಯಲ್ಲಿ ಎಲ್ಲಾದರೂ ಮನೆಗೆ ಪೇಂಟ್ ಆಗುತ್ತಿದ್ದರೆ ಮೇಸ್ತ್ರಿ ಸುಮ್ನೆ ಕೊಡುತ್ತಾರೆ, ಇಲ್ಲಾ ಗುಜರಿ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ. ಚೆನ್ನಾಗಿ ತೊಳೆದು, ಸುತ್ತಲೂ, ತಳಕ್ಕೆ, ಮುಚ್ಚಳಕ್ಕೆ ಡ್ರಿಲ್ಲಿನಲ್ಲಿ ತೂತು ಹೊಡೆಯಿರಿ. ಎರಡು ಇಟ್ಟಿಗೆ ಮೇಲೆ ಕೂರಿಸಿ ಕೆಳಗೊಂದು ಹಳೇ ತಟ್ಟೆ ಇಡಿ. ತಳದಲ್ಲಿ ನಾಲ್ಕು ಬೆರಳು ತರಗೆಲೆ. ಆಮೇಲೆ ದಿನದ ಕಸ, ಅದರ ಎರಡರಷ್ಟು ಪುಡಿ ಮಾಡಿದ ಎಲೆ. ಇಷ್ಟೇ. ಮೊದಲ ಸಲ ಹುಳಿ ಮಜ್ಜಿಗೆ ಚಿಮುಕಿಸಿ, ಇಲ್ಲಾ ಯಾರದಾದರೂ ಹಳೇ ಗೊಬ್ಬರ ಒಂದು ಹಿಡಿ ಹೆಪ್ಪು ಹಾಕಿ. ವಾರಕ್ಕೆರಡು ಸಲ ಕೋಲಿನಲ್ಲಿ ಕೆದಕಿ.

ಎಲೆ ಯಾಕೆ ಎರಡರಷ್ಟು? ತರಕಾರಿ ಸಿಪ್ಪೆಯಲ್ಲಿ ನೀರು, ಸಾರಜನಕ ಜಾಸ್ತಿ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಸೂಕ್ಷ್ಮಜೀವಿಗಳಿಗೆ ಸುಮಾರು 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಸಿಕ್ಕರೆ ಚೆನ್ನಾಗಿ ತಿಂದು ಬೆಳೆಯುತ್ತವೆ. ಬರೀ ಸಿಪ್ಪೆ ಹಾಕಿದರೆ ಜಾಸ್ತಿಯಾದ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಹೊಡೆಯುತ್ತದೆ. ಮುಖ್ಯವಾಗಿ ಎಲೆ ಮುದ್ದೆಯಾಗಲ್ಲ. ಎಲೆ ಎಲೆಯ ನಡುವೆ ಗಾಳಿ ಓಡಾಡುತ್ತದೆ. ಕೋಕೋಪೀಟಿಗೂ ಎಲೆಗೂ ಇರೋ ದೊಡ್ಡ ವ್ಯತ್ಯಾಸ ಇದೇ, ಅದೂ ಬಿಟ್ಟಿಯಾಗಿ. ತೇವ ಸರಿಯಿದೆಯಾ ಅಂತ ನೋಡೋಕೆ ಒಂದು ಹಿಡಿ ತೆಗೆದು ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಬಂದರೆ ಎಲೆ ಹಾಕಿ, ಏನೂ ಬರದಿದ್ದರೆ ನೀರು ಚಿಮುಕಿಸಿ.

ನಮ್ಮ ಅಡುಗೆಮನೆಗಳ ಕಸಕ್ಕೆ ಕೆಲವು ಮಾತು ಹೇಳಲೇಬೇಕು. ಡಿಸೆಂಬರ್ ಜನವರಿಯಲ್ಲಿ ಅವರೆಕಾಯಿ ಕಾಲ, ಮನೆಮನೆಯಲ್ಲೂ ಬುಟ್ಟಿಗಟ್ಟಲೆ ಸಿಪ್ಪೆ. ಅದನ್ನು ಪೇಪರ್ ಮೇಲೆ ಹರಡಿ ಒಂದು ದಿನ ಟೆರೇಸಿನಲ್ಲಿ ಬಾಡಿಸಿ ಹಾಕಿ, ಅರ್ಧಕ್ಕರ್ಧ ಇಳಿಯುತ್ತದೆ. ಹಿತಕಿದ ಅವರೆಯ ಸಿಪ್ಪೆ ಮಾತ್ರ ಒದ್ದೆ ಒದ್ದೆ, ಅದಕ್ಕೆ ಎಲೆ ಇನ್ನೂ ಜಾಸ್ತಿ ಬೇಕು. ಫಿಲ್ಟರಿನಲ್ಲಿ ಉಳಿದ ಕಾಫಿಪುಡಿ ಬಂಗಾರ, ಒಂದು ಚಮಚವೂ ಬಿಸಾಡಬೇಡಿ. ಮಾವಿನ ಓಟೆ, ತೆಂಗಿನ ಚಿಪ್ಪು ಹಾಕಬೇಡಿ, ಅವು ಎಷ್ಟು ತಿಂಗಳಾದರೂ ಹಾಗೇ ಇರುತ್ತವೆ. ಹಬ್ಬದ ಮಾರನೇ ದಿನ ಬಾಳೆಕಂದನ್ನು ಸಣ್ಣಗೆ ಕತ್ತರಿಸಿ ಹಾಕಿ. ಸೇವಂತಿಗೆ, ಚೆಂಡುಹೂ ಬೇಗ ಕರಗುತ್ತವೆ, ದಾರ ಮಾತ್ರ ಎಳೆದು ತೆಗೆಯಿರಿ. ಆಯುಧ ಪೂಜೆಯ ಬೂದುಗುಂಬಳವನ್ನು ರಸ್ತೆಯಲ್ಲೇ ಬಿಟ್ಟರೆ ಸ್ಕೂಟರಿನವರು ಜಾರಿ ಬೀಳುತ್ತಾರೆ. ಎತ್ತಿಕೊಂಡು ಬಂದು ಡಬ್ಬಕ್ಕೆ ಹಾಕಿ, ಚಿಲ್ಲರೆ ಆರಿಸಿಕೊಂಡ ಮೇಲೆ.

ಹುಳದ ಭಯ ಎಲ್ಲರಿಗೂ ಇದೆ. ಡಬ್ಬದಲ್ಲಿ ಕಾಣೋ ದಪ್ಪ ಬೂದು ಹುಳ ಸಾಮಾನ್ಯವಾಗಿ ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿ. ಕಚ್ಚಲ್ಲ. ದೊಡ್ಡದಾದ ಮೇಲೆ ಆ ನೊಣ ಮನೆ ನೊಣದ ಥರ ಊಟದ ಮೇಲೆ ಬಂದು ಮುತ್ತಲ್ಲ. ಕಸವನ್ನು ಅವು ತಿಂದು ಮುಗಿಸೋ ವೇಗ ನೋಡಿದರೆ ಆಶ್ಚರ್ಯ ಆಗುತ್ತದೆ. ನೋಡೋಕೆ ಆಗಲ್ಲ ಅನ್ನುವವರು ಎಲೆ ಜಾಸ್ತಿ ಮಾಡಿ, ಒಂದು ಹಿಡಿ ಬೇವಿನ ಹಿಂಡಿ ಉದುರಿಸಿ. ಹಣ್ಣಿನ ಸಿಪ್ಪೆ ಮೇಲೆಯೇ ಬಿಟ್ಟರೆ ಸಣ್ಣ ನೊಣ ಮುತ್ತುತ್ತವೆ, ಅದನ್ನು ಎಲೆಯ ಕೆಳಗೆ ಮುಚ್ಚಬೇಕು.

ಡಬ್ಬದ ಕೊರತೆಗಳೂ ಇವೆ. ಅನ್ನ, ಸಾರು ಜಾಸ್ತಿ ಹಾಕೋಕೆ ಆಗಲ್ಲ. ನಾಲ್ಕು ಜನರ ಮನೆಗೆ ಮೂರು ಡಬ್ಬವಾದರೂ ಬೇಕಾಗುತ್ತದೆ, ಯಾಕಂದರೆ ತುಂಬಿದ್ದು ಮಾಗೋಕೆ ಎರಡು ತಿಂಗಳಾದರೂ ಬೇಕು. ಡಬ್ಬ ಚಿಕ್ಕದಾದ್ದರಿಂದ ದೊಡ್ಡ ರಾಶಿಯಷ್ಟು ಬಿಸಿ ಏರಲ್ಲ, ಹಾಗಾಗಿ ಬೀಜ ಸಾಯಲ್ಲ. ಆ ಗೊಬ್ಬರ ಹಾಕಿದ ಕುಂಡದಲ್ಲೆಲ್ಲ ಟೊಮೆಟೊ, ಕುಂಬಳದ ಸಸಿ ಏಳುತ್ತವೆ. ಇದು ಕೊರತೆನಾ ಲಾಭನಾ ಅನ್ನೋದು ನಿಮಗೆ ಬಿಟ್ಟಿದ್ದು, ನಾವಂತೂ ಆ ಟೊಮೆಟೊ ಸಾರಿಗೆ ಹಾಕಿದ್ದೇವೆ. ಆಂಟಿ ಆಮೇಲೆ ವಾಸನೆ ಮಾತು ಎತ್ತಿಲ್ಲ. ಈಗ ಅವರೇ ಎರಡು ಡಬ್ಬ ಇಟ್ಟುಕೊಂಡಿದ್ದಾರೆ.

ಎಲೆ ಎಲ್ಲಿಂದ ಅನ್ನೋ ಪ್ರಶ್ನೆಯಿಂದಲೇ ಬೀದಿಯ ಎಲೆ ಬುಟ್ಟಿ ಶುರುವಾಯಿತು. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಕಡೆ ಮರಗಳೆಲ್ಲ ಎಲೆ ಉದುರಿಸುತ್ತವೆ. ಬೆಳಿಗ್ಗೆ ಗುಡಿಸಿ ಗುಡ್ಡೆ ಮಾಡಿದರೆ ಸಂಜೆಗೆ ಯಾರೋ ಬೆಂಕಿ ಹಚ್ಚುತ್ತಿದ್ದರು. ಹೊಗೆ ನೇರ ಎದುರು ಮನೆ ಅಜ್ಜಿಯ ಕೋಣೆಗೆ, ಅವರಿಗೆ ಉಬ್ಬಸ. ಕಸ ಸುಡೋದನ್ನು ಘನತ್ಯಾಜ್ಯ ನಿಯಮಗಳು ನಿಷೇಧಿಸಿವೆ, ಆದರೆ ಎಲೆ ಹಾಕೋಕೆ ಬೇರೆ ಜಾಗ ಇಲ್ಲದಿದ್ದರೆ ನಿಯಮ ಹೇಳಿ ಏನು ಪ್ರಯೋಜನ? ಬೀದಿಯವರೆಲ್ಲ ದುಡ್ಡು ಹಾಕಿ ಕಬ್ಬಿಣದ ಜಾಲರಿ ತಂದು, ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗುಂಡು ಬುಟ್ಟಿ ಮಾಡಿಸಿದೆವು. ಎಲ್ಲಿ ಇಡೋದು ಅನ್ನೋದೇ ದೊಡ್ಡ ಚರ್ಚೆ. ಯಾರ ಮನೆ ಮುಂದೆ ಅಂದರೂ "ನಮ್ಮ ಕಾರ್ ಎಲ್ಲಿ ನಿಲ್ಲಿಸೋದು" ಅನ್ನುತ್ತಾರೆ. ಕೊನೆಗೆ ಪಾರ್ಕಿನ ಹಿಂದಿನ ಗೋಡೆ ಪಕ್ಕ ಒಪ್ಪಿಗೆಯಾಯಿತು. ಗುಡಿಸೋಕೆ ಬರುವ ಪೌರಕಾರ್ಮಿಕ ಅಕ್ಕ ಮೊದಲ ವಾರವೇ "ಚೀಲ ತುಂಬಿ ಹೊರೋದು ತಪ್ಪಿತು ಕಣಮ್ಮಾ" ಅಂದರು.

ಡಬ್ಬಕ್ಕೆ ಹೋಲಿಸಿದರೆ ಇದರಲ್ಲಿ ಕೆಲಸ ಕಡಿಮೆ, ಕಾವಲು ಜಾಸ್ತಿ. ಏಪ್ರಿಲಿನಲ್ಲಿ ವಾರಕ್ಕೊಮ್ಮೆ ನೀರು ಹಾಕಿ ಮೇಲಿಂದ ತುಳಿದರೆ ಸಾಕು, ಮಳೆ ಬಿದ್ದ ಮೇಲೆ ತಾನೇ ಇಳಿಯುತ್ತದೆ, ಆಗಸ್ಟ್ ಹೊತ್ತಿಗೆ ತಳದಲ್ಲಿ ಕಪ್ಪು ಗೊಬ್ಬರ. ಆದರೆ ಬುಟ್ಟಿ ಕಂಡರೆ ಹಾಲಿನ ಕವರ್, ಚಿಪ್ಸ್ ಪ್ಯಾಕೆಟ್ ಎಸೆಯೋರು ಇದ್ದೇ ಇರುತ್ತಾರೆ. ಮೇಲೆ ಜಾಲರಿ ಮುಚ್ಚಳ ಹಾಕಿ "ಒಣ ಎಲೆ ಮಾತ್ರ" ಅಂತ ಬೋರ್ಡ್ ಕಟ್ಟಿದ ಮೇಲೆ ತುಂಬಾ ಕಡಿಮೆಯಾಗಿದೆ, ನಿಂತಿಲ್ಲ. ಅಡುಗೆಮನೆ ಕಸ ಇದಕ್ಕೆ ಹಾಕಲೇಬಾರದು, ಹೆಗ್ಗಣ ಬರುತ್ತವೆ.

ಎಲೆಗಳಲ್ಲೂ ಭೇದ ಇದೆ. ಮಳೆಮರ, ಗುಲ್‌ಮೊಹರಿನ ಎಲೆ ಸಣ್ಣ ಸಣ್ಣದು, ಪುಡಿ ಮಾಡೋದೇ ಬೇಡ, ಡಬ್ಬಕ್ಕೆ ಇದಕ್ಕಿಂತ ಒಳ್ಳೇದು ಇಲ್ಲ. ಹೊಂಗೆ ಎಲೆಯೂ ಬೇಗ ಕರಗುತ್ತದೆ. ಮಾವು, ಹಲಸು, ಬಾದಾಮಿ ಎಲೆ ದಪ್ಪ, ಅವು ಬೀದಿಯ ಬುಟ್ಟಿಗೇ ಹೋಗಲಿ. ಮಳೆಗಾಲದಲ್ಲಿ ಒಣ ಎಲೆ ಬೇಕಂದರೂ ಸಿಗಲ್ಲ, ಆದ್ದರಿಂದ ಫೆಬ್ರವರಿಯಲ್ಲೇ ಎರಡು ಮೂರು ಚೀಲ ತುಂಬಿ ಮೆಟ್ಟಿಲ ಕೆಳಗೆ ಒಣಗಿದ ಜಾಗದಲ್ಲಿ ಇಟ್ಟುಕೊಳ್ಳಿ. ನಮ್ಮ ಬೀದಿಯ ಸುತ್ತಮುತ್ತ ಯಾರಾದರೂ ಶುರು ಮಾಡೋದಾದರೆ, ಪಾರ್ಕಿನ ಹಿಂದಿನ ಬುಟ್ಟಿಯಿಂದ ಎಲೆ ತಗೊಂಡು ಹೋಗಿ. ಹೆಪ್ಪಿಗೆ ಹಳೇ ಗೊಬ್ಬರ ನಾನು ಕೊಡುತ್ತೇನೆ.