ಗೆರೆಯ ದಪ್ಪ ಕೇಳಿದ ಪ್ರಿಂಟಿಂಗ್ ಅಂಗಡಿ

ಹಾಸನದ ಬಿ.ಎಂ. ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯಲ್ಲಿ ಈ ಅಂಗಡಿ ಇದೆ. ಹೊರಗಿನಿಂದ ನೋಡಿದರೆ ಮದುವೆ ಫ್ಲೆಕ್ಸ್, ಹುಟ್ಟುಹಬ್ಬದ ಬ್ಯಾನರ್ ಮಾಡಿಕೊಡುವ ಜಾಗ, ಅಷ್ಟೇ. ನಾನು ಪದವಿ ತರಗತಿಗೆ ಇತಿಹಾಸ ಪಾಠ ಮಾಡುವವಳು. ಅರಬ್-ಇಸ್ರೇಲ್ ಸಂಘರ್ಷದ ಪಾಠಕ್ಕೆ ದೊಡ್ಡ ನಕ್ಷೆಗಳು ಬೇಕಿದ್ದವು. 1947ರ ವಿಭಜನೆ ಯೋಜನೆಯದು ಫ್ಲೆಕ್ಸ್ ಮೇಲೆ. 1949ರ ಕದನವಿರಾಮದ್ದು ಮತ್ತು 1967ರ ಜೂನ್ ಯುದ್ಧದ ನಂತರದ್ದು ಪಾರದರ್ಶಕ ಫಿಲ್ಮ್ ಮೇಲೆ. ಒಂದರ ಮೇಲೊಂದು ಇಳಿಬಿಟ್ಟಾಗ ಏನು ಬದಲಾಯಿತು ಅಂತ ಕಣ್ಣಿಗೇ ಕಾಣಬೇಕು.

ನಕ್ಷೆ ಇಲ್ಲದೆ ಈ ಪಾಠ ಮಾಡಿದರೆ ಮಕ್ಕಳಿಗೆ ಬರೀ ಇಸವಿಗಳು ಉಳಿಯುತ್ತವೆ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಬ್ರಿಟಿಷರ ಕೈಯಲ್ಲಿದ್ದ ಪ್ಯಾಲೆಸ್ಟೀನನ್ನು ಯಹೂದಿ ರಾಜ್ಯ, ಅರಬ್ ರಾಜ್ಯ ಅಂತ ವಿಭಜಿಸಲು ಒಪ್ಪಿತು. ಪರವಾಗಿ 33, ವಿರುದ್ಧ 13 ಮತ. ಭಾರತ ವಿರುದ್ಧ ಮತ ಹಾಕಿತ್ತು. ಜನಸಂಖ್ಯೆಯಲ್ಲಿ ಮೂರನೇ ಒಂದು ಭಾಗದಷ್ಟಿದ್ದ ಯಹೂದಿಗಳಿಗೆ ಅರ್ಧಕ್ಕಿಂತ ಜಾಸ್ತಿ ನೆಲ, ಅದರಲ್ಲಿ ದೊಡ್ಡ ಪಾಲು ನೆಗೆವ್ ಮರುಭೂಮಿ. ಅರಬ್ಬರು ಯಾಕೆ ಒಪ್ಪಲಿಲ್ಲ, ಯೂರೋಪಿನ ನರಮೇಧದಲ್ಲಿ ಬದುಕುಳಿದವರು ಆ ನೆಲಕ್ಕೆ ಯಾಕೆ ಹಾತೊರೆದರು, ಎರಡನ್ನೂ ಕೇಳಲೇಬೇಕು ಅಲ್ವಾ? 1948ರಲ್ಲಿ ಇಸ್ರೇಲ್ ಹುಟ್ಟಿತು, ಯುದ್ಧವೂ ಆಯಿತು. ಮೇಲೆ 1949ರ ಫಿಲ್ಮ್ ಇಳಿಬಿಟ್ಟರೆ ಇಸ್ರೇಲ್ ಪ್ಯಾಲೆಸ್ಟೀನಿನ ಸುಮಾರು ಶೇ. 78 ಭಾಗಕ್ಕೆ ಹರಡಿರುತ್ತದೆ. ಪಶ್ಚಿಮ ದಂಡೆ ಜೋರ್ಡಾನ್ ಕೈಗೆ, ಗಾಜಾ ಈಜಿಪ್ಟ್ ಕೈಗೆ ಹೋಗಿರುತ್ತದೆ. ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಬಿಟ್ಟಿದ್ದು ಈ ಎರಡು ಹಾಳೆಗಳ ನಡುವಿನ ಕಾಲದಲ್ಲೇ.

ಡಿಸೈನ್ ಮಾಡುವ ಹುಡುಗ ಕಂಪ್ಯೂಟರ್ ಮುಂದೆ ಕೂತು, 'ಮೇಡಂ, ಈ ಹಸಿರು ಗೆರೆ ಎಷ್ಟು ದಪ್ಪ ಇಡಲಿ?' ಅಂತ ಕೇಳಿದ. ಅಲ್ಲಿಗೇ ಈ ಅಂಗಡಿ ನನಗೆ ಹಿಡಿಸಿತು. 1949ರ ಕದನವಿರಾಮದ ಗಡಿಗೆ 'ಹಸಿರು ಗೆರೆ' ಅಂತಲೇ ಹೆಸರು. 1948ರ ನವೆಂಬರ್ ಕೊನೆಯಲ್ಲಿ ಜೆರುಸಲೇಮಿನಲ್ಲಿ ಇಸ್ರೇಲಿನ ಸೇನಾಧಿಕಾರಿ ಮೋಶೆ ದಯಾನ್ ಮತ್ತು ಜೋರ್ಡಾನಿನ ಸೇನಾಧಿಕಾರಿ ಅಬ್ದುಲ್ಲಾ ಅಲ್-ತಲ್ ಒಂದೇ ನಕ್ಷೆಯ ಮೇಲೆ ತಮ್ಮ ತಮ್ಮ ಗೆರೆ ಎಳೆದರು. ಒಬ್ಬರದು ಹಸಿರು, ಇನ್ನೊಬ್ಬರದು ಕೆಂಪು. ನಕ್ಷೆ 1:20,000 ಅಳತೆಯದು. ಪೆನ್ಸಿಲ್ ಗೆರೆ 3 ಮಿಲಿಮೀಟರ್ ಇದ್ದರೆ ನೆಲದ ಮೇಲೆ 60 ಮೀಟರ್! ಗೆರೆಯ ಅಡಿಯಲ್ಲೇ ಬೀದಿಗಳು, ಮನೆಗಳು ಸಿಕ್ಕಿಕೊಂಡವು. ಅವು ಯಾರ ಪಾಲಿಗೆ ಅಂತ ವರ್ಷಗಟ್ಟಲೆ ಜಗಳ ನಡೆಯಿತು. ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಆತ ಜೆರುಸಲೇಮಿನ ಭಾಗವನ್ನು ಮೂಲೆಯಲ್ಲಿ ದೊಡ್ಡದು ಮಾಡಿ, ಎರಡು ಗೆರೆಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ಇಟ್ಟುಕೊಟ್ಟ. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಬಣ್ಣ ಚೆನ್ನಾಗಿ ಬಂದಿದೆ. ಹಾಳೆಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ, ಕರಾವಳಿ ಒಂದಿಷ್ಟೂ ಜಾರುವುದಿಲ್ಲ. ಒಟ್ಟು 2,000 ರೂಪಾಯಿಯೊಳಗೆ ಆಯಿತು.

ತೊಂದರೆ ಆಗಿದ್ದು ಅಕ್ಷರದಲ್ಲಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಟ್ಟಿದ್ದ ಹೆಸರುಗಳು ಅವರ ಡಿಸೈನ್ ತಂತ್ರಾಂಶ ಕೋರೆಲ್‌ನಲ್ಲಿ ಒಡೆದು, 'ಈಜಿಪ್ಟ್'ನ ಒತ್ತು ಎಲ್ಲೋ ಹೋಗಿ ಕೂತಿತ್ತು. ಎಲ್ಲವನ್ನೂ 'ನುಡಿ' ತಂತ್ರಾಂಶದಲ್ಲಿ ಮತ್ತೆ ಟೈಪ್ ಮಾಡಬೇಕಾಯಿತು. ಫಿಲ್ಮ್ ಹೊಳಪು ಜಾಸ್ತಿ, ಕಿಟಕಿ ಬೆಳಕು ಬಿದ್ದರೆ ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಮ್ಯಾಟ್ ಫಿಲ್ಮ್ ಅವರ ಹತ್ತಿರ ಇರಲಿಲ್ಲ.

ಮುಂದಿನ ಸಲ 1918ರದ್ದೂ ಮಾಡಿಸುತ್ತೇನೆ. ಆ ವರ್ಷ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೀನಿನ ಹೈಫಾ ಊರನ್ನು ಬ್ರಿಟಿಷರ ಪರವಾಗಿ ತುರ್ಕರಿಂದ ಬಿಡಿಸಿದ ಕುದುರೆಪಡೆಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇತ್ತು. ಹಾಸನ ಆಗ ಮೈಸೂರು ಸಂಸ್ಥಾನದ ಜಿಲ್ಲೆ. ಬ್ರಿಟಿಷರ ಆಳ್ವಿಕೆ ಪ್ಯಾಲೆಸ್ಟೀನಿಗೆ ಬಂದ ಬಗೆಯನ್ನು ಇಲ್ಲಿಂದಲೇ ಶುರು ಮಾಡಬಹುದು.

ಶಾಲೆ-ಕಾಲೇಜಿನ ಕೆಲಸಕ್ಕೆ ಧೈರ್ಯವಾಗಿ ಹೋಗಿ. ಹೆಸರುಗಳನ್ನು ನುಡಿಯಲ್ಲೇ ಕೊಡಿ, ಪ್ರೂಫ್ ಎದುರಿಗೆ ಕೂತು ನೋಡಿ. ಲಗ್ನದ ಸೀಸನ್ ಬಿಟ್ಟು ಹೋದರೆ ಬೇಗ ಸಿಗುತ್ತದೆ.